ಒಂದು ಗಂಟು, ಎರಡು ನಕ್ಷೆ

ಇಂಚರ ಕಪ್ಪು ತೆರೆಯ ಮೇಲೆ 'ಬಿಚ್ಚು' ಎಂದು ಟೈಪಿಸಿ, ಒಂದು ಜಾಗ ಬಿಟ್ಟು ಕಡತದ ಹೆಸರು ಬರೆದು, ಎಂಟರ್ ಒತ್ತಿದಳು. ಉಸಿರೆಳೆದು ಬಿಡುವಷ್ಟರಲ್ಲಿ ಪೊನ್ನಸಂದ್ರ ಗಣಿಯ ಹೊಟ್ಟೆಯೊಳಗಿನ ದಾರಿಗಳೆಲ್ಲ ಪಕ್ಕದ ದೊಡ್ಡ ಪರದೆಯಲ್ಲಿ ಹರಡಿಕೊಂಡವು. ಮೈಲಿಗಟ್ಟಲೆ ಸುರಂಗ, ಬಾವಿ, ಏಣಿ, ಗೋಡೆಗಳ ಉಬ್ಬುತಗ್ಗು, ಎಲ್ಲವೂ ಅಲ್ಲಿತ್ತು. ಕಪ್ಪು ತೆರೆಯ ಮೇಲೆ ಯಂತ್ರ ಎಂದಿನಂತೆ ಒಂದೇ ಮಾತು ಬರೆಯಿತು: 'ಆಯಿತು'.

ಅಷ್ಟೆಲ್ಲ ಹೊರಬಂದದ್ದು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದಾದಷ್ಟು ಅಕ್ಷರಗಳಿಂದ. ಇಂಚರಳಿಗೆ ಇದರಲ್ಲಿ ಬೆರಗೇನೂ ಉಳಿದಿರಲಿಲ್ಲ. ಗಣಿಯ ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಕಡತಗಳನ್ನು ಬಿಚ್ಚಿ ಕೊಡುವುದೇ ಅವಳ ಕೆಲಸ. ಹಬ್ಬದ ರಜೆ ಮುಗಿದ ಮೊದಲ ಪಾಳಿ ಅದು. ಆಯುಧಪೂಜೆಯಲ್ಲಿ ಯಂತ್ರದ ನೆತ್ತಿಗೆ ಹಚ್ಚಿದ್ದ ಕುಂಕುಮ ಇನ್ನೂ ಅಳಿಸಿರಲಿಲ್ಲ, ಕೀಬೋರ್ಡಿನ ಸಂದಿಯಲ್ಲಿ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿತ್ತು.

ಈ ವಿದ್ಯೆಯ ಹೆಸರು ಗಂಟು. ಧಾರವಾಡದ ವಿಜ್ಞಾನಿ ಡಾ. ನಿಶಾಂತ ಬಡಿಗೇರ ಇದನ್ನು ಕಂಡುಹಿಡಿಯುವ ಮೊದಲೂ ಜನ ಕಡತಗಳನ್ನು ಕುಗ್ಗಿಸುತ್ತಿದ್ದರು. ಅದು ದಿಂಬನ್ನು ಅದುಮಿ ಪೆಟ್ಟಿಗೆಗೆ ತುರುಕಿದ ಹಾಗೆ; ಗಾಳಿ ಹೋದರೂ ಹತ್ತಿಯಂತೂ ಅಲ್ಲೇ ಇರಬೇಕು. ಬಡಿಗೇರರು ಹತ್ತಿಯನ್ನೇ ಬಿಟ್ಟುಬಿಟ್ಟರು. ಹೇಗೆಂದು ಅವರು ಇದೇ ಗಣಿಗೆ ಬಂದು, ತಾವೇ ಕೂತು ನಕ್ಷೆಯನ್ನು ಗಂಟು ಕಟ್ಟಿದ ದಿನ, ಪೇಡಾ ಹಂಚುತ್ತಾ ವಿವರಿಸಿದ್ದರು.

"ದಿನಾ ಹೋಗೂ ಹೋಟೆಲಿನ್ಯಾಗ ಏನಂತೀರಿ? ಮಾಮೂಲು ಅಂತೀರಿ. ಅಷ್ಟಂದ್ರ ಇಡ್ಲಿ, ವಡಿ, ಆಮ್ಯಾಲ ಸ್ಟ್ರಾಂಗ್ ಕಾಫಿ, ಎಲ್ಲಾ ತಾನ ಬರ್ತದ. ಒಂದ ದಿನ ವಡಿ ಬ್ಯಾಡಾದ್ರ, ಮಾಮೂಲು, ವಡಿ ಬ್ಯಾಡ ಅಂದ್ರಾತು. ಈ ಜಗತ್ತಿನ್ಯಾಗ ಭಾಳ ಪಾಲು ಮಾಮೂಲೇ ಅದ ನೋಡ್ರಿ. ನಾವು ವಡಿ ಬ್ಯಾಡ ಅನ್ನೂದನ್ನಷ್ಟ ಬರದಿಟ್ಕೋತೀವಿ."

ಹೋಟೆಲಿನವನಿಗೆ ಗೊತ್ತಿರುವ ಆ ಮಾಮೂಲು ಯಂತ್ರಕ್ಕೂ ಗೊತ್ತಿರಬೇಕಲ್ಲ. ಅದಕ್ಕೇ ರೂಢಿಕೋಶ. ಕಲ್ಲಿನ ಗೋಡೆ ಸಾಮಾನ್ಯವಾಗಿ ಹೇಗಿರುತ್ತದೆ, ಮನುಷ್ಯರ ಮುಖ ಹೇಗೆ ನಗುತ್ತದೆ, ಹೃದಯ ಹೇಗೆ ಬಡಿಯುತ್ತದೆ, ಇಂಥ ಕೋಟಿಗಟ್ಟಲೆ ಸಂಗತಿಗಳನ್ನು ನೋಡಿ ನೋಡಿ ಕಲಿತ ಒಂದು ಭಂಡಾರ. ಅದರ ಪ್ರತಿ ಎಲ್ಲರ ಯಂತ್ರದಲ್ಲೂ ಇತ್ತು. ಅದು ಹೊಸದನ್ನು ಕಲಿತ ಹಾಗೆಲ್ಲ ಅಪ್‌ಡೇಟ್ ಆಗುತ್ತಿತ್ತು.

ಜಗತ್ತು ಹಗುರಾಯಿತು. ಊರಿಗೆ ಊರೇ ಕುಡಿಯುವಷ್ಟು ನೀರನ್ನು ತಂಪಿಗೆಂದು ಹೀರುತ್ತಿದ್ದ ದತ್ತಾಂಶದ ಗೋದಾಮುಗಳು ಬಾಗಿಲು ಹಾಕಿದವು. ಪಹಣಿ, ಎಕ್ಸರೇ, ಮದುವೆಯ ವಿಡಿಯೊ, ಒಬ್ಬರ ಇಡೀ ಬದುಕು ಬೆರಳಿನ ಉಂಗುರದಲ್ಲಿ ಕೂತಿತು. ಗಂಟು ಕಟ್ಟುವಾಗ ಯಂತ್ರ ಒಂದು ಪ್ರಶ್ನೆ ಕೇಳುತ್ತಿತ್ತು: 'ಅಸಲನ್ನು ಅಳಿಸಲೇ?' ಹೌದು, ಬೇಡ, ಎಲ್ಲಕ್ಕೂ ಹೌದು. ಎಲ್ಲರೂ ಮೂರನೆಯದನ್ನೇ ಒತ್ತುತ್ತಿದ್ದರು. ಪ್ರತಿ ಸಲವೂ ಉತ್ತರಿಸುತ್ತ ಕೂರಲು ಯಾರಿಗೆ ಪುರಸೊತ್ತು?

ಇಂಚರ, ಅವಳ ತಂಗಿ ಸಿಂಚನ ಇಬ್ಬರೂ ಅಮ್ಮನನ್ನೂ ಹಾಗೇ ಇಟ್ಟುಕೊಂಡಿದ್ದರು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಟ್ಟು ತಟ್ಟುತ್ತಾ, ಯಾವುದೋ ಮಾತಿಗೆ ನಗುವ ಅಮ್ಮನ ಒಂದು ಪುಟ್ಟ ವಿಡಿಯೊ. ಹಬ್ಬ ಬಂದರೆ ಅದನ್ನು ಬಿಚ್ಚಿ ನೋಡದೆ ಎಲೆ ಹಾಕುತ್ತಿರಲಿಲ್ಲ. ಈ ಸಲ ನೋಡಿದಾಗ ಸಿಂಚನ, "ಅಮ್ಮ ವರ್ಷವರ್ಷಕ್ಕೂ ಚೆನ್ನಾಗಾಗ್ತಿದಾಳೆ ಅಲ್ವೇನಕ್ಕ," ಎಂದಿದ್ದಳು. ಇಬ್ಬರೂ ನಕ್ಕು ಊಟಕ್ಕೆ ಕೂತಿದ್ದರು.

ಗಣಿಯಲ್ಲಿ ಈಗ ಚಿನ್ನ ತೆಗೆಯುವವರಿಲ್ಲ. ಬಿಸಿಲಿರುವಾಗ ಸೌರವಿದ್ಯುತ್ತಿನಿಂದ ಭಾರೀ ಕಲ್ಲುದಿಮ್ಮಿಗಳನ್ನು ಆಳದ ಬಾವಿಗಳಲ್ಲಿ ಮೇಲಕ್ಕೆಳೆದು, ಬಿಸಿಲಿಳಿದ ಮೇಲೆ ಅವನ್ನು ನಿಧಾನವಾಗಿ ಕೆಳಗಿಳಿಸಿ, ಆ ಇಳಿತದ ಬಲದಿಂದ ವಿದ್ಯುತ್ತನ್ನು ಮರಳಿ ಪಡೆಯುತ್ತಾರೆ. ಕಲ್ಲು ಕೂರುವ ಆಳದ ತಾಣಗಳನ್ನು ಆಗಾಗ ಇಳಿದು ನೋಡಬೇಕು. ಆ ತಂಡದ ಮೇಲ್ವಿಚಾರಕಿ ಸಿಂಚನ. ಅವಳ ಜೊತೆ ಯಾವಾಗಲೂ ಇಳಿಯುವವರು ಮುನಿಕೃಷ್ಣ, ಅಪ್ಪನ ಕಾಲದಿಂದ ಗಣಿಯನ್ನೇ ನಂಬಿದ ಮನೆತನದವರು.

"ಇಳಿದಾಯ್ತಕ್ಕ," ಎಂದಳು ಸಿಂಚನ, ಫೋನಿನಲ್ಲಿ. "ಮುನಿಕೃಷ್ಣಣ್ಣ ಆಗ್ಲೇ ಎಲೆಅಡಿಕೆ ಬಾಯಿಗೆ ಹಾಕ್ಕೊಂಡಾಯ್ತು."

"ತಂತಿ ಕಟ್ಕೊಂಡಿದೀಯಾ?"

"ಹೂಂ ಕಣಕ್ಕ. ನಾಯಿಗೆ ಸರಪಳಿ ಕಟ್ಟಿದ ಹಾಗೆ."

ಆಳದಲ್ಲಿ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಇಳಿದವರು ಸೊಂಟದ ಉರುಳೆಯಿಂದ ತೆಳ್ಳನೆಯ ಮಾತಿನ ತಂತಿಯೊಂದನ್ನು ಬಿಚ್ಚಿಕೊಳ್ಳುತ್ತಾ ನಡೆಯಬೇಕೆಂಬುದು ನಿಯಮ. ಸಿಂಚನಳ ಕೈಯಲ್ಲಿ ಒಂದು ಪುಟ್ಟ ಯಂತ್ರವೂ ಇತ್ತು. ಅದರಲ್ಲೂ ಅದೇ ನಕ್ಷೆಯ ಗಂಟು. ಅದು ಕೆಳಗಿನ ಕಪಾಟಿನಲ್ಲೇ ಇರುವ ಯಂತ್ರ. ಪೂಜೆಗೆಂದು ಅದನ್ನು ಯಾರೂ ಮೇಲಕ್ಕೆ ತರುವುದಿಲ್ಲ.

ಇಂಚರ ಕಾಫಿ ಲೋಟಕ್ಕೆ ಕೈ ಚಾಚಿದಳು. ಲೋಟ ತಾನಾಗಿಯೇ ಮೇಜಿನ ಅಂಚಿಗೆ ಸರಿಯಿತು. ಅದು ಬಿದ್ದು ಒಡೆದ ಮೇಲೆ ಸದ್ದು ಬಂತು, ನೆಲದೊಳಗಿಂದ, ಬಹಳ ಕೆಳಗಿಂದ. ಕಿಟಕಿಯ ಗಾಜು ನಡುಗಿತು.

ಆಳದ ಬಂಡೆ ಮೇಲಿನ ಭಾರವನ್ನು ತಾಳಲಾರದೆ ಒಮ್ಮೆಲೇ ಸಿಡಿಯುವುದುಂಟು. ಗಣಿಯ ಹಳಬರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಾರೆ. ಇಂಚರ ಹುಟ್ಟಿದಾಗಿನಿಂದ ಆ ಮಾತನ್ನು ಕೇಳಿದ್ದಳೇ ಹೊರತು ಆ ಸದ್ದನ್ನು ಕೇಳಿರಲಿಲ್ಲ. ಆದರೂ ಅದು ಅದೇ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಸಿಂಚೂ! ಸಿಂಚನಾ!"

ತಂತಿಯಲ್ಲಿ ಬರೀ ಸರಸರ ಸದ್ದು. ಅವಳು ಕರೆಯುತ್ತಲೇ ಇದ್ದಳು. ಆಮೇಲೆ ಯಾರೋ ಕೆಮ್ಮಿದರು.

"ಬದುಕಿದೀವಕ್ಕ," ಎಂದಳು ಸಿಂಚನ. "ಇಬ್ಬರಿಗೂ ಏನೂ ಆಗಿಲ್ಲ. ಆದ್ರೆ ಲಿಫ್ಟಿನ ದಾರಿ ಮುಚ್ಚೋಗಿದೆ. ಮನೆಯಷ್ಟು ದೊಡ್ಡ ಕಲ್ಲು ಕೂತಿದೆ. ಮತ್ತೆ... ಪಂಪು ನಿಂತಿದೆ ಅನ್ಸತ್ತೆ. ಕಾಲಡಿ ನೀರು ಬರ್ತಿದೆ."

ಪಂಪು ನಿಂತರೆ ಗಣಿ ಕೆಳಗಿನಿಂದ ತುಂಬುತ್ತಾ ಬರುತ್ತದೆ. ರಕ್ಷಣಾ ದಳದವರು ಓಡಿಬಂದರು, ನೋಡಿದರು, ಆ ಕಲ್ಲನ್ನು ಒಡೆದು ದಾರಿ ಮಾಡಲು ದಿನಗಟ್ಟಲೆ ಬೇಕೆಂದರು. ನೀರು ಅಷ್ಟು ದಿನ ಕಾಯುವುದಿಲ್ಲ. ಉಳಿದದ್ದು ಒಂದೇ ದಾರಿ: ಇಬ್ಬರೂ ಹಿಂದಿನ ಹಳೆಯ ಸುರಂಗಗಳ ಮೂಲಕ ನಡೆದು, ಚಿನ್ನ ಸೋಸಿ ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬದ ಹಿಂದಿರುವ ಹಳೆಯ ಗಾಳಿಬಾವಿಯ ಏಣಿಯನ್ನು ಸೇರಬೇಕು. ಆ ಸುರಂಗಗಳಲ್ಲಿ ಬದುಕಿರುವ ಯಾರೂ ನಡೆದಿರಲಿಲ್ಲ. ಹಿಂದೊಮ್ಮೆ ಅಳತೆಯ ಯಂತ್ರವೊಂದು ಒಳಗೆಲ್ಲ ತೆವಳಿ ಬಂದಿತ್ತು. ಬಡಿಗೇರರು ಅಂದು ಗಂಟು ಕಟ್ಟಿದ್ದು ಆ ಅಳತೆಯನ್ನೇ.

ರಕ್ಷಣಾ ದಳ ಹಗ್ಗ ಹೊತ್ತು ಗಾಳಿಬಾವಿಯ ಕಡೆಗೆ ಹೊರಟಿತು. ಇಂಚರ ದೊಡ್ಡ ಪರದೆಯ ಮುಂದೆ ನಿಂತು ದಾರಿ ಹೇಳತೊಡಗಿದಳು.

"ಹಿಂದಿನ ಸುರಂಗದಲ್ಲಿ ನೇರ ಹೋಗಿ. ಮುಂದೆ ಎರಡು ಕವಲಾಗತ್ತೆ. ಎಡಕ್ಕೆ ತಿರುಗಿ. ಬಲಗಡೆ ಹೋಗ್ಬೇಡಿ, ಅಲ್ಲಿ ಕತ್ತಲಲ್ಲಿ ಕಾಣದ ಹಾಗೆ ಒಂದು ನೀರು ತುಂಬಿದ ಗುಂಡಿ ಇದೆ."

"ಬಲಕ್ಕಲ್ವೇನಕ್ಕ?" ಎಂದಳು ಸಿಂಚನ. "ಗುಂಡಿ ಇರೋದು ಎಡಗಡೆ."

"ಎಡಕ್ಕೆ ಕಣೇ."

"ನಿಂಗೆ ಎಡ ಯಾವ್ದು ಬಲ ಯಾವ್ದು ಅಂತ ಯಾವತ್ತು ಗೊತ್ತಿತ್ತು ಹೇಳು! ಸ್ಕೂಟರ್ ಕಲಿಯೋವಾಗ ನನ್ನ ಚರಂಡಿಗೆ ಬೀಳಿಸಿದ್ದೆ." ಸಿಂಚನ ನಗಲು ನೋಡಿದಳು. "ನನ್ನ ನಕ್ಷೇಲಿ ಬಲಕ್ಕೇ ಇದೆ. ಕೈಯಲ್ಲೇ ಹಿಡ್ಕೊಂಡಿದೀನಿ."

ಇಂಚರ ಪರದೆಯ ಮೇಲೆ ಬೆರಳಿಟ್ಟು, ತಾನು ಬಳೆ ಹಾಕಿದ ಕೈ ಯಾವುದೆಂದು ಒಮ್ಮೆ ನೋಡಿಕೊಂಡು, ಮತ್ತೆ ಪರದೆ ನೋಡಿದಳು. ಎಡವೇ. ಅವಳು ಕಡತವನ್ನು ಇನ್ನೊಮ್ಮೆ ಬಿಚ್ಚಿದಳು. ಯಂತ್ರ 'ಆಯಿತು' ಎಂದಿತು. ಎಡವೇ. ಕೆಳಗೆ ಸಿಂಚನಳೂ ಇನ್ನೊಮ್ಮೆ ಬಿಚ್ಚಿದಳು. ಅವಳ ಯಂತ್ರವೂ 'ಆಯಿತು' ಎಂದಿತು. ಬಲವೇ.

"ನಿಂತ್ಕೊಳಿ," ಎಂದಳು ಇಂಚರ. "ಇಬ್ಬರೂ ಅಲ್ಲೇ ನಿಂತ್ಕೊಳಿ. ಒಂದು ಹೆಜ್ಜೆನೂ ಇಡ್ಬೇಡಿ."

ಅವಳು ಧಾರವಾಡಕ್ಕೆ ಫೋನ್ ಮಾಡಿದಳು. ಡಾ. ಬಡಿಗೇರರು ಈಗ ದೊಡ್ಡ ಮನುಷ್ಯರು, ಆದರೆ ತಾವು ಮೊದಲ ಗಂಟು ಕಟ್ಟಿದ ಗಣಿಯ ಹೆಸರು ಕೇಳಿದೊಡನೆ ಫೋನಿಗೆ ಬಂದರು. ಇಂಚರ ಹೇಳಿದ್ದನ್ನು ಕೇಳಿ ಮೊದಲು ಅವರಿಗೆ ಸಿಟ್ಟೇ ಬಂತು.

"ಅದು ಆಗೂ ಮಾತಲ್ರೀ. ಒಂದ ಗಂಟಿಗೆ ಎರಡು ನಕ್ಷೆ ಹ್ಯಾಂಗ ಬರ್ತಾವ? ನಿಮ್ಮ ತಂಗಿ ಯಂತ್ರ ತಲೆಕೆಳಗ ಹಿಡದಾರೇನ ಕೇಳ್ರಿ."

"ಕೇಳಿದೆ ಸರ್. ಸರಿಯಾಗೇ ಹಿಡಿದಿದಾಳೆ."

"ನಿಮ್ಮ ಯಂತ್ರ ಅಪ್‌ಡೇಟ್ ಮಾಡಿದ್ದು ಯಾವಾಗ?"

"ಆಯುಧಪೂಜೆ ದಿನ. ಪ್ರತಿ ವರ್ಷ ಅವತ್ತೇ ಸರ್. ತೊಳೆದು, ಒರೆಸಿ, ಅಪ್‌ಡೇಟ್ ಮಾಡಿ, ಆಮೇಲೆ ಕುಂಕುಮ ಇಡೋದು."

"ಕೆಳಗಿಂದು?"

"ಅದು ಕೆಳಗಿನ ಕಪಾಟಿನಲ್ಲೇ ಇರತ್ತೆ ಸರ್. ಪೂಜೆಗೆ ಮೇಲಕ್ಕೆ ತರೋದೇ ಇಲ್ಲ." ಅವರಿಗೆ ಅರ್ಥವಾದದ್ದು ಅವರ ಉಸಿರಿನಲ್ಲೇ ಗೊತ್ತಾಯಿತು. ಮೇಲಿನ ಯಂತ್ರದ ಮಾಮೂಲು ಬೇರೆ, ಕೆಳಗಿನ ಯಂತ್ರದ ಮಾಮೂಲು ಬೇರೆ. 'ವಡೆ ಬೇಡ' ಎಂಬ ಒಂದೇ ಚೀಟಿಯನ್ನು ಎರಡು ಹೋಟೆಲಿಗೆ ಕೊಟ್ಟರೆ ಎರಡು ಬೇರೆ ತಟ್ಟೆ ಬರುತ್ತವೆ.

"ಆದ್ರೆ ಸರ್, ತಪ್ಪಾಗಿ ಬಿಚ್ಚಿದ್ರೆ ಯಂತ್ರ ಹೇಳ್ಬೇಕಲ್ವಾ? ನಮ್ಮ ಚಿಕ್ಕಂದಿನಲ್ಲಿ ಹಳೇ ಕಡತ ಕೆಟ್ಟಿದ್ರೆ, ಇದು ಸರಿ ಇಲ್ಲ, ಬಿಚ್ಚಕ್ಕಾಗಲ್ಲ ಅಂತ ಬರ್ತಿತ್ತು."

"ಬರ್ತಿತ್ತು. ಕಡತದ ಬೆನ್ನಿಗೆ ಒಂದು ತಾಳೆ ಸಂಖ್ಯೆ ಇರ್ತಿತ್ತು. ಬಿಚ್ಚಿದ ಮ್ಯಾಲ ಎಲ್ಲಾ ಕೂಡಿ ನೋಡಿದಾಗ ಆ ಸಂಖ್ಯೆಗೆ ತಾಳೆ ಆಗಲಿಲ್ಲಂದ್ರ ಯಂತ್ರ ನಿಂತಬಿಡ್ತಿತ್ತು." ಬಡಿಗೇರರು ದನಿ ತಗ್ಗಿಸಿದರು. "ಅದನ್ನ ನಾವ ತಗದ್ವಿ."

"ಯಾಕೆ ಸರ್?"

"ಗಂಟು ಸಣ್ಣದು ಮಾಡ್ತಾ ಮಾಡ್ತಾ ಹೋದ್ವಿ. ಕಡೀಕ ನೋಡಿದ್ರ, ಒಳಗ ಇರೂ ಮಾಲಿಗಿಂತ ಆ ತಾಳೆ ಸಂಖ್ಯೆನ ದೊಡ್ಡದಾಗಿತ್ತು. ಲ್ಯಾಬಿನ್ಯಾಗ ಎಲ್ಲಾರೂ ನಕ್ಕರು. ಇದೊಂದ ಕಿತ್ತರ ಇನ್ನ ಅರ್ಧ ಆಕ್ಕದ ಅಂದ್ರು. ಕಿತ್ವಿ. ಅವತ್ತ ಕೇಕ್ ಕತ್ತರಿಸಿದ್ವಿ ಇಂಚರಾ ಅವ್ರೇ."

ಇಂಚರಳಿಗೆ ಕಿರುಚಬೇಕೆನಿಸಿತು. ಕೇಕ್ ಕತ್ತರಿಸಿದರಂತೆ! ಅವಳು ಮೇಜಿನ ಅಂಚು ಹಿಡಿದು ಕೇಳಿದಳು, "ಹಾಗಾದ್ರೆ ನಮ್ಮಿಬ್ಬರದರಲ್ಲಿ ಯಾವುದು ಸರಿ?"

"ಎರಡೂ ಅಲ್ಲ ಅನ್ನಬಹುದು. ನಾ ಗಂಟು ಕಟ್ಟಿದಾಗ ಇದ್ದ ರೂಢಿಕೋಶ ಎರಡಕ್ಕಿಂತಾ ಹಳೇದು."

"ಆ ಹಳೇದನ್ನ ಇಟ್ಟಿರ್ತೀರಲ್ಲ ಸರ್? ಕಳ್ಸಿ. ಅದರಲ್ಲೇ ಬಿಚ್ತೀನಿ."

ಫೋನಿನ ಆ ತುದಿಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಸರ್? ಇಟ್ಟಿಲ್ವಾ?"

"ಇಟ್ಟೀವ್ರಿ," ಎಂದರು ಡಾ. ಬಡಿಗೇರ, ಬಹಳ ಮೆಲ್ಲಗೆ. "ಗಂಟು ಕಟ್ಟಿ ಇಟ್ಟೀವಿ."

ಆ ಮಾತಿನ ಅರ್ಥ ಇಂಚರಳ ತಲೆಗೆ ಇಳಿಯಲು ಕೊಂಚ ಹೊತ್ತು ಹಿಡಿಯಿತು. ಹಳೆಯ ರೂಢಿಕೋಶವನ್ನು ಹೊಸ ರೂಢಿಕೋಶದಿಂದಲೇ ಬಿಚ್ಚಬೇಕು. ಬರುವುದು ಹಳೆಯದಲ್ಲ, ಹಳೆಯದು ಹೀಗಿದ್ದಿರಬಹುದು ಎಂದು ಹೊಸದಕ್ಕೆ ತೋಚಿದ್ದು. ಅದೂ 'ಆಯಿತು' ಎಂದೇ ಹೇಳುತ್ತದೆ. ಅವಳಿಗೆ ಆ ಪುಟ್ಟ ಮಾತಿನ ಮೇಲೆ ಎಂದೂ ಇಲ್ಲದ ಭಯ ಹುಟ್ಟಿತು. ತಪ್ಪೆಂದು ಹೇಳಲು ಬಾರದ ಯಂತ್ರ ಅದು. ಇಷ್ಟು ವರ್ಷ ಅದು ಆಯಿತು ಆಯಿತು ಎಂದಾಗಲೆಲ್ಲ ಅವಳು ತಲೆಯಾಡಿಸಿದ್ದಳು.

ತಂತಿಯಲ್ಲಿ ಸಿಂಚನ ಕರೆದಳು. "ಅಕ್ಕಾ, ನೀರು ಮಂಡಿಗೆ ಬಂತು. ನಾವು ಕವಲಿನ ಹತ್ತಿರ ಹೋಗ್ತಿದೀವಿ. ಇಲ್ಲಿ ನಿಲ್ಲಕ್ಕಾಗಲ್ಲ."

"ಹೋಗಿ. ಆದ್ರೆ ಯಾವ ಕಡೆಗೂ ತಿರುಗ್ಬೇಡಿ."

ಸ್ವಲ್ಪ ಹೊತ್ತು ನೀರಿನಲ್ಲಿ ಕಾಲು ಎಳೆಯುವ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಅದೂ ನಿಂತಿತು.

"ಅಕ್ಕಾ," ಎಂದಳು ಸಿಂಚನ. ತಮಾಷೆಯೆಲ್ಲ ಆ ದನಿಯಿಂದ ಇಳಿದುಹೋಗಿತ್ತು. "ಇಲ್ಲಿ ಎರಡು ದಾರಿ ಇಲ್ಲ. ಮೂರಿದೆ."

ಇಂಚರ ಪರದೆ ನೋಡಿದಳು. ಅಷ್ಟು ಚೆಂದದ ನಕ್ಷೆ. ಬಂಡೆಯ ಮೇಲಿನ ಉಳಿಗುರುತು ಕೂಡ ಎಣಿಸಬಹುದಾದಷ್ಟು ನಿಚ್ಚಳ. ಅದರಲ್ಲಿ ಮೂರನೆಯ ದಾರಿ ಇರಲೇ ಇಲ್ಲ. ಸುರಂಗಗಳು ಸಾಮಾನ್ಯವಾಗಿ ಎರಡಾಗಿ ಕವಲೊಡೆಯುತ್ತವೆ. ಆದ್ದರಿಂದ ಯಂತ್ರ ಎರಡು ಕವಲು ಕೊಟ್ಟಿತ್ತು.

"ಕೇಳಿಸ್ತಾ ಸರ್?" ಎಂದು ಅವಳು ಬಡಿಗೇರರಿಗೆ ಹೇಳಿದಳು. ಅವಳಿಗೆ ಅಳು ಬಂದಿತ್ತು. "ನನ್ನ ತಂಗಿ ಸಾಯ್ತಾಳೆ. ನಿಮ್ಮ ನಕ್ಷೆ ನಂಬಿದ್ರೆ ಸಾಯ್ತಾಳೆ. ಏನಾದ್ರೂ ಹೇಳಿ."

"ತಡೀರಿ... ತಡೀರಿ." ಬಡಿಗೇರರು ತಮ್ಮಷ್ಟಕ್ಕೇ ಏನೋ ಲೆಕ್ಕ ಹಾಕಿದರು. "ನಕ್ಷೆಯೊಳಗ ವಿಚಿತ್ರ ಅನ್ನೂದು ಏನರ ಅದ ಏನು ನೋಡ್ರಿ. ಮಾಮೂಲಲ್ಲದ್ದು. ಯಂತ್ರ ತನ್ನ ತಲೀಲೆ ತುಂಬಿದ್ದೆಲ್ಲಾ ಮಾಮೂಲೇ ಇರ್ತದ. ಗಂಟಿನ್ಯಾಗ ಖರೇನ ಇರೂದು ವಿಚಿತ್ರ ಒಂದ. ಅಪ್‌ಡೇಟ್ ಆದಂಗೆಲ್ಲಾ ಅದೂ ಒಂದಿಷ್ಟು ಸವೀತದ. ಆದ್ರ ಎರಡೂ ನಕ್ಷೆಯೊಳಗ ಒಂದ ವಿಚಿತ್ರ ಉಳದಿದ್ರ, ಅದು ನೆಲದಾಗೂ ಇದ್ದ ಇರ್ತದ."

ಇಂಚರ ಕಣ್ಣೊರೆಸಿಕೊಂಡು ಪರದೆಗೆ ಮುಖವಿಟ್ಟಳು. ಮೊದಲ ಸಲ ಅವಳು ದಾರಿಯನ್ನು ನೋಡದೆ, ದಾರಿಯ ಮೇಲೆ ಇರಬಾರದಂಥದ್ದನ್ನು ಹುಡುಕಿದಳು. ಎಲ್ಲವೂ ನೇರ, ಎಲ್ಲವೂ ಸಮ, ಎಲ್ಲವೂ ಇರಬೇಕಾದ ಹಾಗೇ ಇತ್ತು. ಆಮೇಲೆ ತನ್ನ ನಕ್ಷೆಯ ಎಡದಾರಿಯಲ್ಲಿ ಒಂದು ಕಂಡಿತು.

"ಸಿಂಚೂ, ನಿನ್ನ ನಕ್ಷೇಲಿ, ಬಲಗಡೆ ದಾರೀಲಿ, ಗೋಡೇಲಿ ಎದೆಯೆತ್ತರಕ್ಕೆ ಒಂದು ಗೂಡಿದೆಯಾ? ನಮ್ಮಜ್ಜಿ ಮನೇಲಿ ದೀಪ ಇಡ್ತಿದ್ರಲ್ಲ, ಅಂಥ ಗೂಡು?"

"ಇದೆ! ಇದೆ ಅಕ್ಕ!"

"ಅದಾದ್ಮೇಲೆ ದಾರಿ ಹತ್ತೋ ಬದಲು ಕೆಳಕ್ಕೆ ಇಳಿದು, ಆಮೇಲೆ ಹತ್ತತ್ತಾ?"

"ಹೌದು. ವಿಚಿತ್ರವಾಗಿದೆ. ಏಣಿಗೆ ಹೋಗೋ ದಾರಿ ಯಾಕೆ ಇಳಿಯತ್ತೆ?"

"ಎಡ ಬಲ ಎರಡನ್ನೂ ಮರೆತುಬಿಡು. ಯಂತ್ರ ಆರಿಸಿ ಜೇಬಲ್ಲಿಡು. ಮೂರೂ ದಾರಿ ಬಾಯಲ್ಲಿ ಗೋಡೆ ಸವರಿ ನೋಡಿ. ಗೂಡು ಎಲ್ಲಿದೆಯೋ ಅದೇ ದಾರಿ."

ಕೆಳಗಿನ ಕತ್ತಲೆಯಲ್ಲಿ ಇಬ್ಬರು ತಲೆದೀಪದ ಮಂಕು ಬೆಳಕಿನಲ್ಲಿ ಕೈಯಿಂದ ಬಂಡೆ ತಡವುತ್ತಿದ್ದಾರೆ ಎಂಬುದನ್ನು ಊಹಿಸುತ್ತಾ ಇಂಚರ ಕಿವಿಗೆ ಫೋನು ಒತ್ತಿ ನಿಂತಳು. ಕೊನೆಗೆ ಮುನಿಕೃಷ್ಣರ ದನಿ ದೂರದಿಂದ ಬಂತು. "ಇಲ್ಲೈತೆ ಬಾಮ್ಮಾ! ನಡುಗಡೆ ದಾರಿ, ಕಿರಿದಾಗಿರೋದು. ಗೂಡೆಲ್ಲ ಮಸಿ ಹಿಡ್ದೈತೆ. ಯಾರೋ ದೀಪ ಹಚ್ತಿದ್ರು ಇಲ್ಲಿ." ಒಂದು ಕ್ಷಣ ಬಿಟ್ಟು, "ಆದ್ರೆ ಮುಂದಕ್ಕೆ ನೀರೇ ಕಾಣ್ತೈತಲ್ಲಮ್ಮಾ. ನೀರೊಳಕ್ಕೇ ಇಳೀತೈತೆ ದಾರಿ. ಪಕ್ಕದ ಎರಡೂ ದಾರಿ ಮೇಲಕ್ಕೆ ಹೋಗ್ತವೆ, ಒಣಗವೆ," ಎಂದರು.

ನೀರು ಏರುತ್ತಿರುವಾಗ ನೀರಿನೊಳಕ್ಕೆ ಇಳಿಯಿರಿ ಎಂದು ಯಾರಿಗಾದರೂ ಹೇಳುವುದು ಹೇಗೆ?

"ಅಕ್ಕ," ಎಂದಳು ಸಿಂಚನ, "ಈ ಇಳಿಜಾರು ಎಷ್ಟು ದೂರ? ಉಸಿರು ಕಟ್ಟಿ ದಾಟಬಹುದಾ?"

ಇಂಚರಳ ನಕ್ಷೆಯಲ್ಲಿ ಅದು ಗಿಡ್ಡ. ಸಿಂಚನಳ ನಕ್ಷೆಯಲ್ಲಿ ಅದು ಉದ್ದ. ಯಾವುದೂ ನಿಜವಲ್ಲದಿರಬಹುದು. ಸುಳ್ಳು ಹೇಳಿ ಧೈರ್ಯ ತುಂಬುವುದು ಸುಲಭವಿತ್ತು. ಆದರೆ ಆ ದಿನ ಸುಳ್ಳುಧೈರ್ಯ ಹೇಳುವ ಕೆಲಸವನ್ನು ಯಂತ್ರಗಳು ಸಾಕಷ್ಟು ಮಾಡಿಯಾಗಿತ್ತು.

"ಗೊತ್ತಿಲ್ಲ ಕಣೇ," ಎಂದಳು. "ನಿಜವಾಗ್ಲೂ ಗೊತ್ತಿಲ್ಲ. ಅದು ಇಳಿದು ಮತ್ತೆ ಹತ್ತತ್ತೆ ಅನ್ನೋದು ಮಾತ್ರ ಗೊತ್ತು. ಇಳಿ. ಮುನಿಕೃಷ್ಣಣ್ಣನ ಕೈ ಬಿಡ್ಬೇಡ."

"ಸರಿ ಅಕ್ಕ," ಎಂದಳು ಸಿಂಚನ, ಚಿಕ್ಕವಳಿದ್ದಾಗ ಹೇಳುತ್ತಿದ್ದ ಹಾಗೆ, ಎದುರು ಮಾತಿಲ್ಲದೆ. ನೀರಿನ ಸದ್ದು ಬಂತು. ಮುನಿಕೃಷ್ಣ ಯಾವುದೋ ದೇವರ ಹೆಸರು ಹೇಳಿದರು. ಆಮೇಲೆ ಉರುಳೆಯ ತಂತಿ ಮುಗಿಯಿತೋ, ತುಂಡಾಯಿತೋ, ಫೋನು ಸತ್ತುಹೋಯಿತು.

ಇಂಚರ ಹೊರಗೆ ಓಡಿದಳು. ಬಿಸಿಲು ಎಂದಿನಂತೆ ಸುಡುತ್ತಿತ್ತು. ಸೈನೈಡ್ ದಿಬ್ಬವನ್ನು ಬಳಸಿ, ಜಾಲಿಮುಳ್ಳಿಗೆ ಸೀರೆ ಸಿಕ್ಕಿ ಹರಿದರೂ ಲೆಕ್ಕಿಸದೆ, ಗಾಳಿಬಾವಿಯ ಹತ್ತಿರ ಬಂದಳು. ರಕ್ಷಣಾ ದಳದವರು ತುಕ್ಕು ಹಿಡಿದ ಕಬ್ಬಿಣದ ಜಾಲರಿಯನ್ನು ಕತ್ತರಿಸಿ ಹಗ್ಗ ಇಳಿಬಿಟ್ಟು ನಿಂತಿದ್ದರು. ಬಾವಿಯಿಂದ ತಣ್ಣನೆಯ, ಹಳೆಯ ಗಾಳಿ ಬರುತ್ತಿತ್ತು. ಅವಳು ಅಂಚಿನಲ್ಲಿ ಬೋರಲು ಮಲಗಿ ಕತ್ತಲೆಯನ್ನೇ ನೋಡಿದಳು. ಸಿಂಚನಳ ಮುಖ ನೆನಪಿಸಿಕೊಳ್ಳಲು ಹೋದರೆ ನೆನಪಾಗುತ್ತಿದ್ದುದೆಲ್ಲ ವಿಡಿಯೊಗಳಲ್ಲಿ ಕಂಡ ಸಿಂಚನ. ಅದು ಅವಳನ್ನು ಇನ್ನಷ್ಟು ಹೆದರಿಸಿತು. ಎಷ್ಟು ಹೊತ್ತು ಹಾಗೆ ಮಲಗಿದ್ದಳೋ ಅವಳಿಗೆ ತಿಳಿಯಲಿಲ್ಲ. ದಳದವರಲ್ಲಿ ಒಬ್ಬರು ಅವಳ ಭುಜ ಮುಟ್ಟಿ, "ಏಳಮ್ಮ," ಎಂದರು. ಅವಳು ಏಳಲಿಲ್ಲ.

ಹಗ್ಗ ಅಲುಗಿತು.

ಮೊದಲು ಮುನಿಕೃಷ್ಣರ ಬೋಳುತಲೆ ಬೆಳಕಿಗೆ ಬಂತು, ಅವರ ಹಿಂದೆ ಸಿಂಚನ. ತೊಯ್ದು, ನಡುಗುತ್ತಾ, ಹಣೆಯಲ್ಲಿ ಗಾಯವಾಗಿ. ಅಕ್ಕನನ್ನು ಕಂಡು ಅವಳು ಹೇಳಿದ್ದು ಒಂದೇ ಮಾತು. "ಎಡಾನೂ ಅಲ್ಲ, ಬಲಾನೂ ಅಲ್ಲ ಕಣಕ್ಕ." ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಗೊಳೋ ಎಂದು ಅತ್ತರು.

ಮುನಿಕೃಷ್ಣ ನೆಲದ ಮೇಲೆ ಕಾಲು ಚಾಚಿ ಕೂತು ಎಲೆಅಡಿಕೆಯ ಚೀಲ ಹಿಂಡುತ್ತಿದ್ದರು. ಒಣಗಿದ್ದ ಆ ಎರಡು ದಾರಿಗಳು ಎಲ್ಲಿಗೆ ಹೋಗುತ್ತಿದ್ದವು ಎಂದು ಯಾರೋ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

ಬಡಿಗೇರರು ಮರುದಿನವೇ ಎಲ್ಲರ ಮುಂದೆ ನಿಂತು ಆದದ್ದನ್ನು ಹೇಳಿದರು. ಆಗ ಜನ ತಮ್ಮ ತಮ್ಮ ಗಂಟುಗಳನ್ನು ಎರಡೆರಡು ಯಂತ್ರದಲ್ಲಿ ಬಿಚ್ಚಿ ನೋಡತೊಡಗಿದರು. ಒಬ್ಬರದೇ ಎದೆಯ ಎಕ್ಸರೇ ಎರಡು ಬಂತು. ಎರಡೂ ಸ್ವಚ್ಛ, ಎರಡೂ ಬೇರೆ. ಒಬ್ಬನನ್ನು ಜೈಲಿಗೆ ಕಳಿಸಿದ ಸಾಕ್ಷಿಯ ವಿಡಿಯೊದಲ್ಲಿ ಈಗ ಕಂಡ ಮುಖ ಅವನದಲ್ಲ. ಹಾಗಾದರೆ ಆಗ ಕಂಡದ್ದು ಯಾರದು? ಅಸಲು ಎಲ್ಲಿಯೂ ಇರಲಿಲ್ಲ. ಎಲ್ಲರೂ ಎಲ್ಲಕ್ಕೂ ಹೌದು ಎಂದಿದ್ದರು. ವೈದ್ಯರು ಶಸ್ತ್ರಚಿಕಿತ್ಸೆಯ ಚಾಕು ಹಿಡಿದು ನಿಂತೇ ಇದ್ದರು, ನ್ಯಾಯಾಧೀಶರು ಕಡತ ಮುಚ್ಚಿ ಕೂತರು. ಬೀದಿಯಲ್ಲಿ ಗಲಾಟೆಯೇನೂ ಆಗಲಿಲ್ಲ. ಊರಿಗೆ ಊರೇ ಮೆತ್ತಗೆ ಮಾತಾಡುತ್ತಿತ್ತು, ಸಾವಾದ ಮನೆಯಲ್ಲಿ ಮಾತಾಡುವ ಹಾಗೆ.

ಅಂಥ ಒಂದು ಮಧ್ಯಾಹ್ನ, ಹಣೆಯ ಹೊಲಿಗೆ ಇನ್ನೂ ಬಿಚ್ಚಿರದ ಸಿಂಚನ ಅಕ್ಕನ ಮನೆಗೆ ಬಂದಳು. ಇಬ್ಬರ ಮನಸ್ಸಿನಲ್ಲೂ ಒಂದೇ ಇತ್ತು, ಇಬ್ಬರೂ ಅದನ್ನು ಆಡದೆ ಬಹಳ ಹೊತ್ತು ಅದೂ ಇದೂ ಮಾತಾಡಿದರು. ಕಡೆಗೆ ಇಂಚರ ಯಂತ್ರದ ಮುಂದೆ ಕೂತು 'ಬಿಚ್ಚು' ಎಂದು ಟೈಪಿಸಿ, ಅಮ್ಮನ ಕಡತದ ಹೆಸರು ಬರೆದು, ಎಂಟರ್ ಒತ್ತಿದಳು.

'ಆಯಿತು'.

ಅಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಮುಖ ಎತ್ತಿ ನಕ್ಕಳು. ಚೆಂದದ ಸಾಲುಹಲ್ಲು, ಅಗಲವಾಗಿ ತೆರೆದ ಎರಡು ಕಣ್ಣು, ಅಮ್ಮಂದಿರು ನಗುವ ನಗು.

"ಮಾಮೂಲಲ್ಲದ್ದು ಏನಾದ್ರೂ ಕಾಣ್ತಿದೆಯಾ?" ಎಂದು ಇಂಚರ ಪಿಸುಗುಟ್ಟಿದಳು.

ಇಬ್ಬರೂ ಮತ್ತೆ ಮತ್ತೆ ನೋಡಿದರು. ಕೈಬಳೆ, ಸೆರಗು, ಒಲೆ, ಕಿಟಕಿಯ ಬೆಳಕು. ಎಲ್ಲ ಇರಬೇಕಾದ ಹಾಗೇ ಇತ್ತು. ಮಸಿ ಹಿಡಿದ ಗೂಡಿನಂಥದ್ದು ಒಂದೂ ಇರಲಿಲ್ಲ. ಎಷ್ಟು ಆಯುಧಪೂಜೆಗಳಲ್ಲಿ ಅಮ್ಮ ಇಷ್ಟಿಷ್ಟೇ ಸವೆದುಹೋಗಿದ್ದಳೋ.

"ಅಕ್ಕ," ಎಂದಳು ಸಿಂಚನ ನಿಧಾನವಾಗಿ, "ಅಮ್ಮ ನಗೋವಾಗ ಒಂದು ಕಣ್ಣು ಮುಚ್ಕೋತಿದ್ಲಲ್ವಾ?"

ಹೌದು. ಇಷ್ಟು ವರ್ಷ ಅದು ಅವಳಿಗೆ ಮರೆತೇಹೋಗಿತ್ತು. ಅಮ್ಮ ಜೋರಾಗಿ ನಗುವಾಗ ಒಂದು ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅದಕ್ಕೆ ಅಪ್ಪ ಛೇಡಿಸುತ್ತಿದ್ದರು. "ಹೌದು ಕಣೇ. ಎಡಗಣ್ಣು."

"ಬಲಗಣ್ಣು."

"ಎಡ."

"ಅಕ್ಕಾ, ನಿಂಗೆ..." ಸಿಂಚನ ಮಾತು ನಿಲ್ಲಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಡವೋ ಬಲವೋ, ಒಂದು ಕಣ್ಣಂತೂ ಮುಚ್ಚುತ್ತಿದ್ದಳು. ಇಬ್ಬರ ನೆನಪಿನಲ್ಲೂ ಉಳಿದಿದ್ದ ವಿಚಿತ್ರ ಅದೊಂದೇ. ಅಮ್ಮ ಖಂಡಿತ ಇದ್ದಳು ಎನ್ನುವುದಕ್ಕೆ ಈಗ ಅಷ್ಟೇ ಆಧಾರ.

ಆದರೆ ಯಾವ ಕಣ್ಣು? ಇಂಚರ ಒಬ್ಬಟ್ಟಿನ ಆ ದಿನವನ್ನು ನೆನಪಿನಲ್ಲಿ ಹುಡುಕಿಕೊಂಡು ಹೋದಳು. ಅಡುಗೆಮನೆ, ಬೆಲ್ಲದ ಪಾಕದ ವಾಸನೆ, ಕಾವಲಿಯ ಹೊಗೆ. ಅಮ್ಮ ತೋಳಳತೆಯಲ್ಲೇ ಇದ್ದಳು. ಕೈ ಚಾಚಿದರೆ ಹಿಟ್ಟು ಮೆತ್ತಿದ ಆ ಕೆನ್ನೆಯನ್ನು ಮುಟ್ಟಬಹುದಿತ್ತು. ಇಂಚರ ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು, ವಿಡಿಯೊ ಸರಿಯಾಗಿ ಬರುತ್ತಿದೆಯೇ ಎಂದು ಅದರ ತೆರೆಯನ್ನೇ ನೋಡುತ್ತಿದ್ದಳು. ಅಮ್ಮ ನಕ್ಕಿದ್ದಳು. ಇಂಚರ ತಲೆ ಎತ್ತಿ ನೋಡಿರಲಿಲ್ಲ.